ಮೇಜು ಎಲ್ಲಿಗೆ: ಗಿರಿ ಕಡೆಯ ಕಿಟಕಿ, ಹಿತ್ತಲ ಕಿಟಕಿ, ಜಗಲಿ

ಚಿಕ್ಕಮಗಳೂರಿನ ಮನೆಯಲ್ಲಿ ತನಗೇ ಅಂತ ಒಂದು ಮೇಜು ಹಾಕಿಕೊಳ್ಳುವ ಹೆಣ್ಣುಮಕ್ಕಳು ಮೊದಲು ನೋಡಬೇಕಾದ್ದು ಬೆಳಕು. ಮುಳ್ಳಯ್ಯನಗಿರಿ ಪೇಟೆಗೆ ಉತ್ತರ-ವಾಯವ್ಯಕ್ಕಿದೆ. ಆ ಕಡೆಯ ಕಿಟಕಿಯಲ್ಲಿ ಹೆಚ್ಚಿನ ತಿಂಗಳು ಬೆಳಕು ಸಮನಾಗಿರುತ್ತದೆ. ಬೇಸಿಗೆಯ ಸಂಜೆ ಓರೆಬಿಸಿಲು ಬಂದರೆ ತೆಳು ಪರದೆ ಸಾಕು. ಬರವಣಿಗೆ, ಚಿತ್ರ, ಕಸೂತಿಗೆ ಇದೇ ಜಾಗ. ಲ್ಯಾಪ್‌ಟಾಪ್ ಕೆಲಸವಾದರೆ ಕಿಟಕಿ ಎದುರಿಗಲ್ಲ, ಪಕ್ಕಕ್ಕೆ ಬರುವಂತೆ ಮೇಜು ತಿರುಗಿಸಿ. ಇಲ್ಲದಿದ್ದರೆ ಹೊರಗಿನ ಬೆಳಕಿಗೆ ಕಣ್ಣು ಸೋಲುತ್ತದೆ.

ಹಿತ್ತಲ ಕಿಟಕಿಯಲ್ಲಿ ಬಾಳೆ, ಕರಿಬೇವು, ತೊಳೆಯುವ ಕಲ್ಲು ಕಾಣುತ್ತವೆ. ನೋಟ ಚಿಕ್ಕದಾದರೂ ಮನಸ್ಸಿಗೆ ಹಿತ. ಒಲೆ ಮೇಲೆ ಒಂದು ಕಣ್ಣಿಟ್ಟು ಅರ್ಧರ್ಧ ಗಂಟೆ ಕೂರುವವರಿಗೆ ಸರಿ. ಒಗ್ಗರಣೆ ಜಿಡ್ಡು ಕಾಗದಕ್ಕೆ ಹತ್ತುತ್ತದೆ, ಕರೆಯುವವರೂ ಹೆಚ್ಚು. ಇಲ್ಲಿ ಗೋಡೆಗೆ ಬಿಗಿಯುವ, 18 ಇಂಚು ಅಗಲದ ಮಡಚುವ ಹಲಗೆ ಅಗ್ಗ, ಆದರೆ ಹಳೆಯ ಮಣ್ಣಿನ ಗೋಡೆಯಲ್ಲಿ ಸ್ಕ್ರೂ ಸಡಿಲವಾಗುತ್ತದೆ. ಅಂಥಲ್ಲಿ ಕಾಲಿರುವ ಮೇಜೇ ಬೇಕು.

ಜಗಲಿ, ಟ್ಯೂಷನ್ ಹೇಳುವವರಿಗೆ, ಬಟ್ಟೆ ಹೊಲಿದುಕೊಡುವವರಿಗೆ. ಬಂದವರು ಒಳಮನೆ ದಾಟಬೇಕಿಲ್ಲ. ಏಕಾಂತ ಮಾತ್ರ ಕೇಳಬೇಡಿ. ಜೂನ್‌ನಿಂದ ಎರಚಲು ಹೊಡೆಯುವುದರಿಂದ ಬಿದಿರಿನ ತಟ್ಟಿಯೋ ಟಾರ್ಪಾಲೋ ಬೇಕೇಬೇಕು.

ಮಳೆಗಾಲದ ತೇವ ಮೂರು ಕಡೆಯೂ ಒಂದೇ. ಮರದ ಚೂರು ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್ ಅಂಚಿನಿಂದ ನೀರು ಕುಡಿದು ಉಬ್ಬುತ್ತದೆ, ಮತ್ತೆ ಇಳಿಯುವುದಿಲ್ಲ. IS 710 ಗುರುತಿನ (ನೀರು ತಡೆಯುವ ದರ್ಜೆಯ) ಪ್ಲೈವುಡ್ ದುಬಾರಿಯಾದರೂ ತಡೆಯುತ್ತದೆ. ಗೋಡೆಯಿಂದ ಮೂರು ಇಂಚು ಬಿಟ್ಟಿಡಿ, ಗಾಳಿಯಾಡದಿದ್ದರೆ ಹಿಂಬದಿಗೆ ಬೂಸ್ಟು ಹಿಡಿಯುತ್ತದೆ. ಅಂಗಡಿ ಮೇಜು ಸಾಮಾನ್ಯವಾಗಿ 30 ಇಂಚು ಎತ್ತರ. ಐದಡಿ ಆಸುಪಾಸಿನವರಿಗೆ ಭುಜ ಎತ್ತಿ ಕೂರಬೇಕಾಗುತ್ತದೆ. ಬಡಗಿಗೆ 27 ಇಂಚು ಎಂದೇ ಹೇಳಿ.