ಪಾಟ್ಸ್‌ಗೆ ಪುನಶ್ಚೇತನ: ಟ್ರೆಡ್‌ಮಿಲ್, ಒರಗಿ ತುಳಿಯುವ ಸೈಕಲ್, ಯೋಗ, ದಿನಚರಿಯ ಮರುಜೋಡಣೆ – ಒಂದು ಹೋಲಿಕೆ

ಪಾಶ್ಚರಲ್ ಆರ್ಥೋಸ್ಟಾಟಿಕ್ ಟಾಕಿಕಾರ್ಡಿಯಾ ಸಿಂಡ್ರೋಮ್, ಚಿಕ್ಕದಾಗಿ ಪಾಟ್ಸ್ (ಎದ್ದು ನಿಂತಾಗ ನಾಡಿಬಡಿತ ವಿಪರೀತ ಏರುವ ಕಾಯಿಲೆ), ಇರುವವರ ಔಷಧಚೀಟಿಯಲ್ಲಿ ಮಾತ್ರೆಗಳ ಹೆಸರಿನ ಕೆಳಗೆ ಸಾಮಾನ್ಯವಾಗಿ ‘ವ್ಯಾಯಾಮ ಮಾಡಿ, ನೀರು ಹೆಚ್ಚು ಕುಡಿಯಿರಿ’ ಎಂಬ ಒಂದು ಸಾಲು ಇರುತ್ತದೆ. ಯಾವ ವ್ಯಾಯಾಮ, ಯಾವ ಭಂಗಿಯಲ್ಲಿ, ಎಲ್ಲಿಂದ ಆರಂಭಿಸಿ ಎಲ್ಲಿಗೆ ನಿಲ್ಲಿಸಬೇಕು ಎಂಬುದನ್ನು ಹೇಳಿಕೊಡಬೇಕಾದವರು ಫಿಸಿಯೋಥೆರಪಿ, ಆಕ್ಯುಪೇಷನಲ್ ಥೆರಪಿ (ದಿನನಿತ್ಯದ ಕೆಲಸಗಳನ್ನು ದೇಹಕ್ಕೆ ಹೊಂದುವಂತೆ ಮಾಡಿಕೊಳ್ಳಲು ಕಲಿಸುವ ಚಿಕಿತ್ಸೆ), ಯೋಗ ಮತ್ತು ಆಹಾರ ಕ್ಷೇತ್ರದವರು. ತುಮಕೂರಿನಲ್ಲಿದ್ದುಕೊಂಡು, ಶಾಲೆಯಲ್ಲಿ ಪಾಠ ಮಾಡುವ ಕೆಲಸವನ್ನು ಬಿಡದೆ, ನಾನು ಇವುಗಳಲ್ಲಿ ನಾಲ್ಕು ದಾರಿಗಳನ್ನು ಒಂದಾದ ಮೇಲೊಂದರಂತೆ ಅನುಸರಿಸಿ ನೋಡಿದ್ದೇನೆ. ಇವು ಒಂದೇ ಕಾಯಿಲೆಗೆ ಹೇಳಿದ ದಾರಿಗಳಾದರೂ ದೇಹದ ಮೇಲೆ ಮಾಡುವ ಪರಿಣಾಮ ಬೇರೆ ಬೇರೆ; ಯಾವುದನ್ನು ಮೊದಲು ಹಿಡಿಯುತ್ತೇವೆ ಎಂಬುದರ ಮೇಲೆಯೇ ಉಳಿದವುಗಳ ಫಲವೂ ನಿಂತಿದೆ.

ಅಳತೆಗೋಲು ಯಾವುದೆಂದು ಮೊದಲು ಹೇಳಬೇಕು. ಆರೋಗ್ಯವಂತರು ಎದ್ದು ನಿಂತಾಗಲೂ ಸುಮಾರು ಅರ್ಧ ಲೀಟರಿನಿಂದ ಮುಕ್ಕಾಲು ಲೀಟರಿನಷ್ಟು ರಕ್ತ ಹೊಟ್ಟೆಯ ಮತ್ತು ಕಾಲುಗಳ ಕಡೆಗೆ ಇಳಿಯುತ್ತದೆ. ರಕ್ತನಾಳಗಳು ಬಿಗಿದುಕೊಂಡು, ಮೀನಖಂಡದ ಸ್ನಾಯುಗಳು ಒತ್ತಿಕೊಂಡು ಅದನ್ನು ಮೇಲಕ್ಕೆ ತಳ್ಳುತ್ತವೆ. ಪಾಟ್ಸ್ ಇರುವವರಲ್ಲಿ ಈ ಕೆಲಸ ಸಾಲದೆ ಹೋಗುವುದರಿಂದ ಹೃದಯವು ವೇಗವಾಗಿ ಬಡಿದು ಅದನ್ನು ಸರಿದೂಗಿಸಲು ಹೆಣಗುತ್ತದೆ. ನಿಂತ 10 ನಿಮಿಷಗಳೊಳಗೆ ನಾಡಿಬಡಿತವು ನಿಮಿಷಕ್ಕೆ 30ರಷ್ಟು (12ರಿಂದ 19 ವರ್ಷದವರಲ್ಲಿ 40ರಷ್ಟು) ಅಥವಾ ಅದಕ್ಕಿಂತ ಹೆಚ್ಚು ಏರಿ, ರಕ್ತದೊತ್ತಡ ಮಾತ್ರ ಹೇಳಿಕೊಳ್ಳುವಷ್ಟು ಕುಸಿಯದೆ, ತಲೆಸುತ್ತು, ಎದೆಬಡಿತ, ಕಣ್ಣು ಕತ್ತಲಿಡುವುದು ಮುಂತಾದ ತೊಂದರೆಗಳು ಮೂರು ತಿಂಗಳಿಗೂ ಮೀರಿ ಉಳಿದರೆ, ಬೇರೆ ಕಾರಣಗಳಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ವೈದ್ಯರು ಇದನ್ನು ಪಾಟ್ಸ್ ಎಂದು ಗುರುತಿಸುತ್ತಾರೆ. ಈ ಹೆಸರು ವೈದ್ಯಕೀಯ ಬಳಕೆಗೆ ಬಂದದ್ದೇ 1993ರಲ್ಲಿ. ಹಾಗಾಗಿ ‘ಇದು ಬರೀ ಗಾಬರಿ, ರಕ್ತಹೀನತೆ ಇರಬೇಕು’ ಎಂಬ ಮಾತನ್ನು ಕೇಳಿಯೇ ಬಂದವರು ನಮ್ಮಲ್ಲಿ ಬಹಳ ಮಂದಿ.

ನಾನು ಪ್ರತಿಯೊಂದು ದಾರಿಯನ್ನೂ ಮೂರು ಪ್ರಶ್ನೆಗಳಿಂದ ಅಳೆದೆ. ಬೆಳಿಗ್ಗೆ ಮಲಗಿದ್ದಾಗಿನ ನಾಡಿಗೂ ಗೋಡೆಗೊರಗಿ 10 ನಿಮಿಷ ನಿಂತ ಮೇಲಿನ ನಾಡಿಗೂ ಇರುವ ಅಂತರ ಕಡಿಮೆಯಾಯಿತೇ? ಮಾಡಿದ ಮರುದಿನ ದೇಹ ಹೇಗಿತ್ತು? ಕೆಲಸದ ದಿನಗಳಲ್ಲೂ ಅದನ್ನು ಮುಂದುವರಿಸಲು ಸಾಧ್ಯವಾಯಿತೇ? ಇವುಗಳಲ್ಲಿ ನನಗೆ ಎರಡನೆಯದೇ ಮುಖ್ಯ, ಏಕೆಂದರೆ ಪಾಟ್ಸ್‌ನಲ್ಲಿ ವ್ಯಾಯಾಮದ ಬೆಲೆಯನ್ನು ತೆರುವುದು ಹೆಚ್ಚಾಗಿ ಮರುದಿನವೇ.

ಮೊದಲನೆಯದು ಊರಿನ ಒಂದು ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ ಸಿಕ್ಕ ಟ್ರೆಡ್‌ಮಿಲ್ ಕ್ರಮ. ಅಲ್ಲಿಯವರು ಅಕ್ಕರೆಯಿಂದಲೇ ನೋಡಿಕೊಂಡರು. ಆದರೆ ಕ್ರಮವು ಹೃದಯಾಘಾತದಿಂದ ಚೇತರಿಸಿಕೊಳ್ಳುವವರಿಗೆ, ತೂಕ ಇಳಿಸುವವರಿಗೆ ರೂಪಿಸಿದ್ದು. ನಿಧಾನ ನಡಿಗೆಯಿಂದ ಆರಂಭಿಸಿ ವಾರವಾರಕ್ಕೆ ವೇಗ ಏರಿಸುವುದು ಅದರ ತಿರುಳು. ನಡೆಯುವಷ್ಟು ಹೊತ್ತು ಮೀನಖಂಡ ಕೆಲಸ ಮಾಡುವುದರಿಂದ ನಡಿಗೆ ಸಹ್ಯವೇ ಆಗುತ್ತಿತ್ತು. ಕಷ್ಟವಿದ್ದದ್ದು ಯಂತ್ರ ನಿಂತ ಕ್ಷಣದಲ್ಲಿ: ಕಾಲಿನ ರಕ್ತನಾಳಗಳು ವ್ಯಾಯಾಮದಿಂದ ಹಿಗ್ಗಿರುತ್ತವೆ, ತಳ್ಳುವ ಸ್ನಾಯು ಸುಮ್ಮನಾಗಿರುತ್ತದೆ, ರಕ್ತವೆಲ್ಲ ಕೆಳಗಿಳಿದು ಹಿಡಿಕೆ ಹಿಡಿದ ಕೈ ತಣ್ಣಗಾಗಿ ಕಿವಿಯೊಳಗೆ ಗುಂಯ್‌ಗುಟ್ಟುವ ಸದ್ದು ತುಂಬುತ್ತದೆ. ಮರುದಿನ ಮೆಟ್ಟಿಲು ಹತ್ತುವುದೂ ಭಾರವಾಗುತ್ತಿತ್ತು. ಅಮಾನಿಕೆರೆಯ ದಾರಿಯಲ್ಲಿ ಸಂಜೆ ನಡೆದಾಗಲೂ ಇದೇ ಅನುಭವ. ಅಲ್ಲಿ ಕೂರಲು ಕಲ್ಲುಬೆಂಚು ಸಿಗುತ್ತದೆ ಎಂಬುದಷ್ಟೇ ವ್ಯತ್ಯಾಸ. ನಾಡಿಯ ಅಂತರವೂ ಇಳಿಯಲಿಲ್ಲ. ನಿಂತು ಮಾಡುವ ವ್ಯಾಯಾಮ ಪಾಟ್ಸ್‌ಗೆ ಕೂಡದೆಂದು ನಾನು ಹೇಳುತ್ತಿಲ್ಲ. ಅದು ಕೊನೆಯ ಪಾಠ. ಅದನ್ನು ಮೊದಲ ಪಾಠವಾಗಿ ಇಡಬಾರದು.

ಎರಡನೆಯ ದಾರಿಯನ್ನು ಬೆಂಗಳೂರಿನ ಒಂದು ಪುನಶ್ಚೇತನ ಕೇಂದ್ರದಲ್ಲಿ ಕಲಿತು, ಉಳಿದದ್ದನ್ನು ಮನೆಯಲ್ಲಿ ಮುಂದುವರಿಸಿದೆ. ಇಲ್ಲಿ ಭಂಗಿಗೆ ಮೊದಲ ಸ್ಥಾನ, ಶ್ರಮಕ್ಕೆ ಎರಡನೆಯದು. ಬೆನ್ನು ಒರಗಿಸಿ, ಕಾಲುಗಳನ್ನು ಮುಂದಕ್ಕೆ ಚಾಚಿ ತುಳಿಯುವ ಸೈಕಲ್, ಕೂತು ಹುಟ್ಟುಹಾಕುವ ರೋಯಿಂಗ್ ಯಂತ್ರ, ಈಜು – ಇವು ಮೊದಲ ತಿಂಗಳುಗಳ ಸಾಧನಗಳು. ದೇಹ ಅಡ್ಡಲಾಗಿರುವಾಗ ರಕ್ತ ಹೃದಯಕ್ಕೆ ಸುಲಭವಾಗಿ ಮರಳುವುದರಿಂದ, ತಲೆ ಸುತ್ತದೆ ಹೃದಯಕ್ಕೂ ಕಾಲಿಗೂ ಕೆಲಸ ಕೊಡಬಹುದು; ಕ್ರಮೇಣ ನೆಟ್ಟಗೆ ಕೂರುವ ಸೈಕಲ್ಲಿಗೆ, ಕೊನೆಗೆ ನಡಿಗೆಗೆ ಏರುವುದು ಇದರ ಕ್ರಮ. ಜೊತೆಗೆ ವಾರದಲ್ಲಿ ಎರಡು ದಿನ ತೊಡೆ, ಮೀನಖಂಡ, ಹೊಟ್ಟೆಯ ಸ್ನಾಯುಗಳಿಗೆ ಬಲ ತುಂಬುವ ವ್ಯಾಯಾಮಗಳಿರುತ್ತವೆ. ನಾನು ನಾಡಿಬಡಿತವನ್ನು ತಗ್ಗಿಸುವ ಪ್ರೊಪ್ರನೊಲಾಲ್ ಮಾತ್ರೆ ಸೇವಿಸುತ್ತಿದ್ದುದರಿಂದ ನಾಡಿಯ ಸಂಖ್ಯೆಯನ್ನು ಗುರಿಯಾಗಿಡುವುದು ಸರಿಯಲ್ಲವೆಂದು ಅಲ್ಲಿಯ ಫಿಸಿಯೋಥೆರಪಿಸ್ಟ್ ವಿವರಿಸಿ, 6ರಿಂದ 20ರವರೆಗಿನ ಬೋರ್ಗ್ ಮಾಪಕವನ್ನು ಕೊಟ್ಟರು. ಶ್ರಮ ಎಷ್ಟೆನಿಸುತ್ತದೆ ಎಂದು ನಾವೇ ಅಂಕ ಹಾಕಿಕೊಳ್ಳುವ ಪದ್ಧತಿ ಅದು. ಆರಂಭದಲ್ಲಿ 13ನ್ನು ದಾಟಬಾರದೆಂದು ಹೇಳಿದ್ದರು.

ಯಂತ್ರವಿಲ್ಲದ ದಿನಗಳಿಗೆ ಅವರು ಕಲಿಸಿದ್ದು ಚಾಪೆಯ ಮೇಲಿನ ಸಾಧಾರಣ ವ್ಯಾಯಾಮಗಳು. ಮೊಣಕಾಲುಗಳ ನಡುವೆ ದಿಂಬಿಟ್ಟು ಒತ್ತಿ ಹಿಡಿಯುವುದು, ಮಲಗಿ ಒಂದೊಂದೇ ಕಾಲು ಎತ್ತುವುದು, ಮಗ್ಗುಲಾಗಿ ಮಲಗಿ ಮೊಣಕಾಲು ತೆರೆಯುವುದು, ಸೊಂಟ ಎತ್ತುವುದು. ನೋಡಿದವರಿಗೆ ಇದು ವ್ಯಾಯಾಮವೆನಿಸುವುದಿಲ್ಲ. ಆದರೆ ನನ್ನ ನಾಡಿಯ ಅಂತರ ಮೊದಲು ಇಳಿಯತೊಡಗಿದ್ದು ಇದರಿಂದಲೇ: ಮಲಗಿದಾಗ 76, ನಿಂತ ಹತ್ತನೆಯ ನಿಮಿಷಕ್ಕೆ 124 ಇದ್ದದ್ದು, ಮೂರನೆಯ ತಿಂಗಳು ಮುಗಿಯುವ ಹೊತ್ತಿಗೆ 105ರ ಆಸುಪಾಸಿಗೆ ಬಂತು.

ಇದಕ್ಕೆ ಆಧಾರವಾದ ಅಧ್ಯಯನಗಳನ್ನು ಓದುವಾಗ ಒಂದು ಅಂಶವನ್ನು ಗಮನಿಸಬೇಕು. ಅಮೆರಿಕದಲ್ಲಿ ಇದೇ ಬಗೆಯ ಕ್ರಮವನ್ನು ರೋಗಿಗಳು ತಮ್ಮ ಊರಿನಲ್ಲೇ ಅನುಸರಿಸುವಂತೆ ಮಾಡಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಪೂರ್ಣಗೊಳಿಸಿದವರಲ್ಲಿ ಶೇ. 71ರಷ್ಟು ಮಂದಿ ಪಾಟ್ಸ್‌ನ ಮಾನದಂಡದಿಂದ ಹೊರಬಂದಿದ್ದರು. ಆದರೆ ಸೇರಿದವರು 251, ಪೂರ್ಣಗೊಳಿಸಿದವರು 103. ಕ್ರಮ ಒಳ್ಳೆಯದು, ಅದರಲ್ಲಿ ಉಳಿಯುವುದು ಕಷ್ಟ ಎಂಬುದನ್ನು ಈ ಎರಡು ಸಂಖ್ಯೆಗಳು ಹೇಳುತ್ತವೆ. ನನಗೂ ತುಮಕೂರಿನಿಂದ ಬೆಂಗಳೂರಿಗೆ ಒಂದು ಕಡೆಗೇ ಸುಮಾರು 70 ಕಿಲೋಮೀಟರ್ ದೂರ, ಬೆಳಗಿನ ರೈಲಿನಲ್ಲಿ ಸೀಟು ಸಿಗದೆ ನಿಂತೇ ಹೋಗಬೇಕಾದ ದಿನಗಳು, ಸೈಕಲ್ ತುಳಿದು ಸಂಪಾದಿಸಿದ್ದನ್ನು ದಾರಿಯಲ್ಲೇ ಕಳೆದುಬಿಡುತ್ತಿದ್ದವು.

ಯೋಗವನ್ನು ಮೂರನೆಯದಾಗಿ ಹಿಡಿದೆ. ಅದನ್ನು ಒಂದೇ ಸಾಲಿನಲ್ಲಿ ಒಳ್ಳೆಯದು, ಕೆಟ್ಟದ್ದು ಎನ್ನಲಾಗದು. ತಲೆಯನ್ನು ಮೇಲೆ ಕೆಳಗೆ ಪದೇ ಪದೇ ಒಯ್ಯುವ ಸೂರ್ಯನಮಸ್ಕಾರ ನನಗೆ ಟ್ರೆಡ್‌ಮಿಲ್ಲಿಗಿಂತಲೂ ಕಷ್ಟವಾಯಿತು. ಕಪಾಲಭಾತಿಯನ್ನಂತೂ ಪೂರ್ತಿ ಬಿಟ್ಟಿದ್ದೇನೆ. ಪಾಟ್ಸ್ ಇರುವ ಹಲವರು ನಿಂತಾಗ ತಮಗರಿವಿಲ್ಲದೆಯೇ ಹೆಚ್ಚು ಉಸಿರಾಡುತ್ತಾರೆ, ಅದರಿಂದ ರಕ್ತದಲ್ಲಿನ ಕಾರ್ಬನ್ ಡೈಆಕ್ಸೈಡ್ ಇಳಿದು ಮೆದುಳಿನ ರಕ್ತನಾಳಗಳು ಕಿರಿದಾಗುತ್ತವೆ. ಬಿರುಸಿನ ಉಸಿರಾಟ ಅದನ್ನೇ ಇನ್ನಷ್ಟು ಹೆಚ್ಚಿಸುತ್ತದೆ. ಅದೇ ಯೋಗದೊಳಗಿನ ಸೇತುಬಂಧಾಸನ, ಗೋಡೆಗೆ ಕಾಲು ಚಾಚಿ ಮಲಗುವ ವಿಪರೀತಕರಣಿ, ನಿಮಿಷಕ್ಕೆ ಆರರಷ್ಟು ನಿಧಾನವಾದ ಉಸಿರು ಬಹಳ ಉಪಕಾರಿ. ಶಾಲೆಯಿಂದ ಬಂದೊಡನೆ ಗೋಡೆಗೆ ಕಾಲು ಚಾಚಿ ಮಲಗಿದರೆ ಕೊಡುವ ಆರಾಮವನ್ನು ಬೇರಾವುದೂ ಅಷ್ಟು ಬೇಗ ಕೊಟ್ಟಿಲ್ಲ. ಅದು ಆರಾಮ, ಸ್ನಾಯುವಿಗೆ ಬಲ ತುಂಬುವ ಕೆಲಸ ಅದರಿಂದ ಆಗುವುದಿಲ್ಲ. ಆದ್ದರಿಂದ ಯೋಗ ನನ್ನ ಲೆಕ್ಕದಲ್ಲಿ ಎರಡನೆಯ ದಾರಿಯ ಜೊತೆಗಾರ, ಅದಕ್ಕೆ ಬದಲಿಯಲ್ಲ. ಗುಂಪಿನ ತರಗತಿಗಿಂತ, ಕಾಯಿಲೆಯನ್ನು ತಿಳಿದು ಆಸನಗಳನ್ನು ಆರಿಸಿಕೊಡುವ ಶಿಕ್ಷಕರು ಸಿಕ್ಕರೆ ಮಾತ್ರ ಇದಕ್ಕೆ ಅರ್ಥ.

ನಾಲ್ಕನೆಯದು ಆಕ್ಯುಪೇಷನಲ್ ಥೆರಪಿ. ನಮ್ಮ ಕಡೆ ಇದನ್ನು ಮಕ್ಕಳ ಬೆಳವಣಿಗೆಯ ತೊಂದರೆಗೆ, ಪಾರ್ಶ್ವವಾಯುವಿಗೆ ಮಾತ್ರ ಎಂದುಕೊಂಡವರೇ ಹೆಚ್ಚು. ಪಾಟ್ಸ್‌ಗೆ ಇದನ್ನು ಯಾರೂ ಮೊದಲು ಸೂಚಿಸುವುದಿಲ್ಲ. ನನ್ನ ಅನುಭವದಲ್ಲಿ ಮೊದಲು ಸೂಚಿಸಬೇಕಾದದ್ದು ಇದನ್ನೇ. ಥೆರಪಿಸ್ಟ್ ನನ್ನ ಬೆಳಗನ್ನು ಗಂಟೆಗಂಟೆಗೂ ಕೇಳಿ ಬರೆದುಕೊಂಡರು. ಎದ್ದೊಡನೆ ಬಾಗಿಲಿಗೆ ನೀರು ಹಾಕಿ ಬಗ್ಗಿ ರಂಗೋಲಿ ಬಿಡುವುದು, ಹಂಡೆಯ ಬಿಸಿನೀರಿನಲ್ಲಿ ನಿಂತು ಸ್ನಾನ, ಒಲೆಯ ಮುಂದೆ ನಿಂತು ಒಗ್ಗರಣೆ, ಅನಂತರ ಬಸ್ಸಿನಲ್ಲಿ ನಿಂತು ಪ್ರಯಾಣ: ‘ಮೇಡಂ, ಶಾಲೆಯ ಗಂಟೆ ಹೊಡೆಯುವ ಮೊದಲೇ ನಿಮ್ಮ ದಿನದ ಶಕ್ತಿ ಮುಗಿದಿರುತ್ತದಲ್ಲ’ ಎಂದರು. ಬಚ್ಚಲಲ್ಲಿ ಪ್ಲಾಸ್ಟಿಕ್ ಸ್ಟೂಲ್ ಇಟ್ಟು, ನೀರಿನ ಬಿಸಿ ತಗ್ಗಿಸಿ, ಸ್ನಾನವನ್ನು ರಾತ್ರಿಗೆ ಬದಲಿಸಿದೆ. ಬಿಸಿನೀರು ಚರ್ಮದ ರಕ್ತನಾಳಗಳನ್ನು ಹಿಗ್ಗಿಸುವುದರಿಂದ ಬೆಳಗಿನ ಸ್ನಾನವೇ ನನ್ನ ಅತಿ ಕಷ್ಟದ ಕೆಲಸವಾಗಿತ್ತು.

ಅಡುಗೆಮನೆಯ ವಿಷಯದಲ್ಲಿ ನೆಲದ ಮೇಲೆ ಈಳಿಗೆಮಣೆಯ ಮುಂದೆ ಕೂತು ಹೆಚ್ಚುವುದೇ ಒಳ್ಳೆಯದೆಂದು ನಾನು ಎಣಿಸಿದ್ದೆ, ಕೂತಷ್ಟು ಹೊತ್ತು ಅದು ನಿಜವೂ ಹೌದು. ಕುಕ್ಕರುಗಾಲಿನಲ್ಲಿ ಕೂತಾಗ ಕಾಲಿನ ರಕ್ತ ಒತ್ತಿಕೊಂಡು ಮೇಲೇರುತ್ತದೆ. ಆದರೆ ಅಲ್ಲಿಂದ ಒಮ್ಮೆಲೇ ಏಳುವಾಗ ಅಷ್ಟೂ ರಕ್ತ ಕೆಳಗಿಳಿಯುತ್ತದೆ. ಒಲೆಯ ಎತ್ತರಕ್ಕೆ ಸರಿಹೊಂದುವ ಎತ್ತರದ ಸ್ಟೂಲ್ ಇವೆರಡಕ್ಕಿಂತಲೂ ಮೇಲು. ಶಾಲೆಯಲ್ಲಿ ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು ಕೂತು ಪಾಠ ಮಾಡುತ್ತೇನೆ. ಹಲಗೆಯ ಮುಂದೆ ನಿಲ್ಲಲೇಬೇಕಾದಾಗ ಕಾಲುಗಳನ್ನು ಕತ್ತರಿಯಂತೆ ಅಡ್ಡ ಹಾಕಿ ತೊಡೆಯನ್ನು ಬಿಗಿ ಹಿಡಿಯುತ್ತೇನೆ. ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ ಹಿಮ್ಮಡಿಯನ್ನು ಎತ್ತಿ ಇಳಿಸುತ್ತ ನಿಲ್ಲುವುದು ಅಭ್ಯಾಸವಾಗಿದೆ.

ಊಟದ ಬದಲಾವಣೆಯನ್ನು ಪಥ್ಯತಜ್ಞರು ಸೂಚಿಸಿದರು. ಒಮ್ಮೆಗೇ ಹೊಟ್ಟೆ ತುಂಬ ಉಂಡರೆ ರಕ್ತ ಕರುಳಿನ ಕಡೆಗೆ ಹರಿದು ಮಧ್ಯಾಹ್ನದ ಲಕ್ಷಣಗಳು ಹೆಚ್ಚುತ್ತವೆ. ಹಾಗಾಗಿ ದೊಡ್ಡ ಮುದ್ದೆಯೊಂದನ್ನು ಎರಡು ಹೊತ್ತಿಗೆ ಹಂಚಿಕೊಂಡಿದ್ದೇನೆ, ಕ್ಯಾತಸಂದ್ರದ ತಟ್ಟೆ ಇಡ್ಲಿಯಾದರೆ ಒಂದಕ್ಕೇ ನಿಲ್ಲಿಸುತ್ತೇನೆ. ದಿನಕ್ಕೆ ಎರಡರಿಂದ ಮೂರು ಲೀಟರ್ ನೀರು, ಉಪ್ಪು ಹೆಚ್ಚಿಸಿದ ಮಜ್ಜಿಗೆ, ಬೇಸಿಗೆಯಲ್ಲಿ ಓಆರ್‌ಎಸ್, ಬೆಳಿಗ್ಗೆ ಏಳುವ ಮೊದಲೇ ಹಾಸಿಗೆಯಲ್ಲಿ ಅರ್ಧ ಲೀಟರ್ ನೀರು. ಉಪ್ಪನ್ನು ಮಾತ್ರ ವೈದ್ಯರನ್ನು ಕೇಳದೆ ಯಾರೂ ಹೆಚ್ಚಿಸಿಕೊಳ್ಳಬಾರದು. ರಕ್ತದೊತ್ತಡ ಅಥವಾ ಮೂತ್ರಪಿಂಡದ ತೊಂದರೆ ಇರುವವರಿಗೆ ಅದು ಅಪಾಯ.

ಬಿಗಿ ಉಡುಪುಗಳಲ್ಲೂ ಆಯ್ಕೆಯಿದೆ. ಔಷಧದಂಗಡಿಯಲ್ಲಿ ಕೇಳಿದರೆ ಮೊಣಕಾಲುದ್ದದ ಕಂಪ್ರೆಷನ್ ಕಾಲುಚೀಲ ಕೊಡುತ್ತಾರೆ. ತುಮಕೂರಿನ ಏಪ್ರಿಲ್ ಬಿಸಿಲಿನಲ್ಲಿ ಅದನ್ನು ಹಾಕಿಕೊಳ್ಳುವುದೂ ಬಿಚ್ಚುವುದೂ ಒಂದು ಶ್ರಮವೇ, ಪ್ರಯೋಜನವೂ ಅಲ್ಪ. ಹೊಟ್ಟೆಯನ್ನು ಒತ್ತಿ ಹಿಡಿಯುವ ಪಟ್ಟಿಯನ್ನು ಸೀರೆಯೊಳಗೆ ಕಟ್ಟಿಕೊಂಡಾಗ ವ್ಯತ್ಯಾಸ ಅಂದೇ ತಿಳಿಯಿತು. ಹೊಟ್ಟೆ ಮತ್ತು ತೊಡೆಯನ್ನು ಒತ್ತುವ ಉಡುಪು ಕಾಲನ್ನಷ್ಟೇ ಒತ್ತುವುದಕ್ಕಿಂತ ಹೆಚ್ಚು ಫಲಕಾರಿ ಎಂದು 2021ರಲ್ಲಿ ಪ್ರಕಟವಾದ ಅಧ್ಯಯನವೂ ತೋರಿಸಿದೆ. ಎರಡರಲ್ಲಿ ಒಂದಕ್ಕೇ ಹಣವಿದ್ದರೆ ಪಟ್ಟಿಯನ್ನೇ ಕೊಳ್ಳಿ.

ನಾಲ್ಕನ್ನೂ ಪಕ್ಕಪಕ್ಕ ಇಟ್ಟರೆ, ನಾಡಿಯ ಅಂತರವನ್ನು ಇಳಿಸಿದ್ದು ಮಲಗಿ, ಒರಗಿ ಮಾಡಿದ ವ್ಯಾಯಾಮ. ಆ ವ್ಯಾಯಾಮಕ್ಕೆ ಬೇಕಾದ ಶಕ್ತಿಯನ್ನು ಉಳಿಸಿಕೊಟ್ಟದ್ದು ಆಕ್ಯುಪೇಷನಲ್ ಥೆರಪಿ. ಬೆಳಗಿನ ಕೆಲಸಗಳು ಹಗುರವಾದ ಮೇಲಷ್ಟೇ ಚಾಪೆಯ ವ್ಯಾಯಾಮ ತಪ್ಪದೆ ನಡೆಯತೊಡಗಿತು. ಹೊಸದಾಗಿ ಆರಂಭಿಸುವವರಿಗೆ ನಾನು ಹೇಳುವ ಕ್ರಮವೂ ಅದೇ: ಮೊದಲು ದಿನಚರಿ, ನೀರು ಮತ್ತು ಹೊಟ್ಟೆಪಟ್ಟಿ, ಆಮೇಲೆ ಚಾಪೆ, ಆಮೇಲೆ ಒರಗು ಸೈಕಲ್, ನಡಿಗೆ ಎಲ್ಲಕ್ಕಿಂತ ಕೊನೆಗೆ. ಕೋವಿಡ್‌ನ ನಂತರ ಪಾಟ್ಸ್ ಬಂದವರಲ್ಲಿ ಕೆಲವರಿಗೆ ಸ್ವಲ್ಪ ಶ್ರಮಪಟ್ಟರೂ ಒಂದೆರಡು ದಿನಗಳ ನಂತರ ದೇಹವೆಲ್ಲ ಕುಸಿದುಬೀಳುವ ತೊಂದರೆ ಇರುತ್ತದೆ. ಅಂಥವರು ವಾರವಾರಕ್ಕೆ ಏರಿಸುವ ಯಾವ ಕ್ರಮವನ್ನೂ, ಚಾಪೆಯದಾದರೂ ಸರಿ, ಅನುಸರಿಸಬಾರದು; ಅವರಿಗೆ ಶಕ್ತಿಯ ಮಿತಿಯೊಳಗೆ ಉಳಿಯುವುದೇ ಚಿಕಿತ್ಸೆ.

ಊರಿನ ಯಾವುದೇ ಫಿಸಿಯೋಥೆರಪಿಸ್ಟ್ ಬಳಿಗೆ ಮೊದಲ ಸಲ ಹೋಗುವಾಗ, ಮಲಗಿದಾಗಿನ ನಾಡಿ ಮತ್ತು ರಕ್ತದೊತ್ತಡ, ನಿಂತ 2, 5, 10ನೆಯ ನಿಮಿಷಗಳ ನಾಡಿ ಮತ್ತು ರಕ್ತದೊತ್ತಡ, ಇಷ್ಟನ್ನು ಕೆಲವು ಬೆಳಗಿನಲ್ಲಿ ಬರೆದ ಹಾಳೆಯೊಂದನ್ನು ಒಯ್ಯಿರಿ. ಅಳೆಯುವಾಗ ಹತ್ತಿರ ಯಾರಾದರೂ ಇರಲಿ. ಪಾಟ್ಸ್ ಎಂಬ ಹೆಸರನ್ನು ಕೇಳಿರದ ಚಿಕಿತ್ಸಕರೂ ಆ ಹಾಳೆಯನ್ನು ನೋಡಿದ ಮೇಲೆ ಟ್ರೆಡ್‌ಮಿಲ್ ಹತ್ತಿಸುವ ಬದಲು ಹಾಸಿಗೆಯ ಮೇಲೆ ಮಲಗಿಸಿಯೇ ಮೊದಲ ವ್ಯಾಯಾಮ ಕಲಿಸಿದ್ದನ್ನು ನಾನು ಕಂಡಿದ್ದೇನೆ.