ಆರು ವರ್ಷ ಲಸ್ಟರ್ ಬಳಸಿದ ಮೇಲೆ: ವೇಗ ಅದರದು, ಭದ್ರತೆ ನಾವು ಕಟ್ಟಿಕೊಂಡದ್ದು

ಬಳಸಿದ ಅವಧಿ: 6 ವರ್ಷ. ಅಂಕ: 5ಕ್ಕೆ 4.

ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಕ್ಲಸ್ಟರ್ (ಒಟ್ಟಿಗೆ ಕೆಲಸ ಮಾಡುವ ಕಂಪ್ಯೂಟರ್‌ಗಳ ಗುಂಪು) ನೋಡಿಕೊಳ್ಳುವುದು ನನ್ನ ಕೆಲಸ. 120 ನೋಡ್, ಅಂದರೆ ಕಂಪ್ಯೂಟರ್, ಒಂದೊಂದರಲ್ಲೂ 192 ಜಿಬಿ ಮೆಮೊರಿ. ಇವೆಲ್ಲ ಒಟ್ಟಿಗೆ ಓದಿ ಬರೆಯುವ ಸ್ಟೋರೇಜ್‌ಗೆ ಲಸ್ಟರ್ ಹಾಕಿದ್ದೇವೆ. ಇದು ಫೈಲ್‌ಗಳನ್ನು ಹಲವು ಸರ್ವರ್‌ಗಳಿಗೆ ಹಂಚಿ ಇಡುವ ಫೈಲ್ ಸಿಸ್ಟಮ್. ಅದರ ಕೆಳಗೆ, ಡಿಸ್ಕ್‌ಗಳನ್ನು ಒಟ್ಟುಗೂಡಿಸಿ ನೋಡಿಕೊಳ್ಳಲು, ಝಡ್‌ಎಫ್‌ಎಸ್. ನಾಲ್ಕು ಸರ್ವರ್, 60 ಡಿಸ್ಕ್ ಹಿಡಿಯುವ ನಾಲ್ಕು ಪೆಟ್ಟಿಗೆ, ಎಲ್ಲವೂ 16 ಟಿಬಿ ಡಿಸ್ಕ್.

ಎಷ್ಟು ವೇಗ ಬೇಕು ಅನ್ನೋದನ್ನ ನಾವು ಚೆಕ್‌ಪಾಯಿಂಟ್ (ಓಡುತ್ತಿರುವ ಕೆಲಸದ ಸ್ಥಿತಿಯನ್ನು ನಡುನಡುವೆ ಉಳಿಸಿಡುವುದು) ಲೆಕ್ಕದಿಂದ ಹಿಡಿದೆವು. ಎಲ್ಲ ನೋಡ್‌ಗಳೂ ಅರ್ಧ ಮೆಮೊರಿಯನ್ನು ಡಿಸ್ಕಿಗೆ ಬರೆದರೆ ಸುಮಾರು 11.5 ಟಿಬಿ. ಅದು ಹತ್ತು ನಿಮಿಷದಲ್ಲಿ ಮುಗಿಯಬೇಕಾದರೆ ಸೆಕೆಂಡಿಗೆ 20 ಜಿಬಿ ಬೇಕು. ಲಸ್ಟರ್ ಅಷ್ಟನ್ನೂ ಕೊಟ್ಟಿದೆ, ಇವತ್ತಿಗೂ ಕೊಡುತ್ತಿದೆ. ವೇಗದ ಬಗ್ಗೆ ನನಗೆ ಒಂದೇ ಒಂದು ದೂರೂ ಇಲ್ಲ.

ಆದರೆ ತಗೊಳ್ಳುವ ಮೊದಲೇ ಒಂದು ವಿಷಯ ತಿಳಿದಿರಲಿ. ಲಸ್ಟರ್ ತಾನಾಗಿ ನಿಮ್ಮ ಡೇಟಾದ ಇನ್ನೊಂದು ಪ್ರತಿ ಇಡುವುದಿಲ್ಲ. ತಾನಾಗಿಯೇ ಪ್ರತಿ ಇಡುವ ಸೆಫ್ ಎಂಬ ಸ್ಟೋರೇಜ್ ವ್ಯವಸ್ಥೆ ಬಳಸಿ ಬಂದವರು ಇಲ್ಲೇ ಎಡವುತ್ತಾರೆ. 2.11ನೇ ಆವೃತ್ತಿಯಿಂದ ಫೈಲ್ ಮಿರರ್ ಮಾಡುವ ಸೌಲಭ್ಯ ಇದೆ ನಿಜ, ಆದರೆ ಅದನ್ನು ನಾವೇ ಹೇಳಿ ಮಾಡಿಸಬೇಕು, ಜಾಗವೂ ಎರಡರಷ್ಟು ಹೋಗುತ್ತದೆ. ಹಾಗಾಗಿ ಡಿಸ್ಕ್ ಸತ್ತರೆ ಕಾಯಬೇಕಾದ್ದು ಕೆಳಗಿನ ಝಡ್‌ಎಫ್‌ಎಸ್. ಸರ್ವರ್ ಸತ್ತರೆ ಕಾಯಬೇಕಾದ್ದು ಅದರ ಜೋಡಿ ಸರ್ವರ್.

ನಾವು ಹತ್ತತ್ತು ಡಿಸ್ಕಿನ ಗುಂಪು ಮಾಡಿದ್ದೆವು. ಎಂಟರಷ್ಟು ಡೇಟಾ, ಎರಡರಷ್ಟು ಪ್ಯಾರಿಟಿ (ಡಿಸ್ಕ್ ಸತ್ತಾಗ ಕಳೆದ ಡೇಟಾವನ್ನು ಮತ್ತೆ ಲೆಕ್ಕ ಹಾಕಿ ತರುವ ಮಾಹಿತಿ). ಜಾಗ ಜಾಸ್ತಿ ಸಿಗಲಿ ಅಂತ 240 ಸ್ಲಾಟಿಗೂ ಡೇಟಾ ಡಿಸ್ಕನ್ನೇ ತುಂಬಿದೆವು. ಸ್ಪೇರ್ ಡಿಸ್ಕ್‌ಗಳು ಬೀರುವಿನಲ್ಲಿದ್ದವು. ಅದು ನನ್ನದೇ ತೀರ್ಮಾನ, ದೊಡ್ಡ ತಪ್ಪು.

ಎರಡನೇ ವರ್ಷದ ದಸರಾ ರಜೆ. ಶನಿವಾರ ರಾತ್ರಿ ಒಂದು ಡಿಸ್ಕ್ ಕೈಕೊಟ್ಟಿತು. ಊರಿಗೆ ಹೋಗಿದ್ದ ನಾನು ಭಾನುವಾರ ಮಧ್ಯಾಹ್ನ ಬಂದು ಬದಲಿ ಡಿಸ್ಕ್ ಹಾಕಿದೆ. 16 ಟಿಬಿ ಡಿಸ್ಕನ್ನು ಸೆಕೆಂಡಿಗೆ 200 ಎಂಬಿಯಂತೆ ತುಂಬಿದರೂ 22 ಗಂಟೆ ಬೇಕು. ಕೆಲಸದ ಒತ್ತಡದ ನಡುವೆ ಅದು ಮೂರು ದಿನದ ಹತ್ತಿರ ಎಳೆಯಿತು. ಸೋಮವಾರ ಬೆಳಿಗ್ಗೆ ಸ್ಟೇಟಸ್ ತೆಗೆದು ನೋಡಿದರೆ ಅದೇ ಗುಂಪಿನ ಇನ್ನೊಂದು ಡಿಸ್ಕಿನ ಮುಂದೆ ಓದುವ ದೋಷ 14. ಒಂದು ಗಂಟೆ ಬಿಟ್ಟು ನೋಡಿದರೆ 61. ಎರಡೂ ಒಂದೇ ಬ್ಯಾಚಿನ ಡಿಸ್ಕು, ಸೀರಿಯಲ್ ನಂಬರ್ ಹಿಂದೆ ಮುಂದೆ. ಜೀವ ಬಾಯಿಗೆ ಬಂದಿತ್ತು. ಮೂರನೆಯದೂ ಹೋಗಿದ್ದರೆ ಆ ಗುಂಪಿನ ಡೇಟಾ ಪೂರ್ತಿ ಹೋಗುತ್ತಿತ್ತು. ಕೆಲವು ದೊಡ್ಡ ಫೈಲ್‌ಗಳು ಹಲವು ಗುಂಪಿಗೆ ಹಂಚಿಕೊಂಡಿರುತ್ತವೆ ಅಲ್ವಾ, ಹಾಗಾಗಿ ನಷ್ಟ ಆ ಒಂದು ಗುಂಪಿಗೇ ನಿಲ್ಲುತ್ತಿರಲಿಲ್ಲ. ಪುಣ್ಯಕ್ಕೆ ಉಳಿಯಿತು.

ಆಮೇಲೆ ಡಿರೈಡ್‌ಗೆ, ಅಂದರೆ ಝಡ್‌ಎಫ್‌ಎಸ್‌ನಲ್ಲಿ ಡಿಸ್ಕ್‌ಗಳನ್ನು ಜೋಡಿಸುವ ಇನ್ನೊಂದು ವಿಧಾನಕ್ಕೆ, ಹೋದೆವು. ಇದು 2021ರಲ್ಲಿ ಓಪನ್‌ಝಡ್‌ಎಫ್‌ಎಸ್ (ಝಡ್‌ಎಫ್‌ಎಸ್‌ನ ಮುಕ್ತ ರೂಪ) 2.1ರ ಜೊತೆ ಬಂತು. ಇದರಲ್ಲಿ ಸ್ಪೇರ್ ಅನ್ನೋದು ಸುಮ್ನೆ ಕೂತಿರುವ ಬೇರೆ ಡಿಸ್ಕ್ ಅಲ್ಲ. ಸ್ಪೇರ್ ಜಾಗ ಎಲ್ಲ ಡಿಸ್ಕಿನಲ್ಲೂ ಹರಡಿಕೊಂಡಿರುತ್ತದೆ. ಒಂದು ಸತ್ತರೆ ಉಳಿದವೆಲ್ಲ ಸೇರಿ ಓದಿ, ಸೇರಿಯೇ ಬರೆಯುತ್ತವೆ. ನಮ್ಮಲ್ಲಿ ಈಗ ರೀಬಿಲ್ಡ್ ಐದಾರು ಗಂಟೆಗೆ ಮುಗಿಯುತ್ತದೆ. ಹೊಸ ಡಿಸ್ಕ್ ಹಾಕಿದ ಮೇಲೆ ಡೇಟಾ ಅದಕ್ಕೆ ವಾಪಸ್ ಹೋಗಲು ಹೊತ್ತು ಹಿಡಿಯುತ್ತದೆ, ಆದರೆ ಆ ಹೊತ್ತಿಗೆ ಅಪಾಯ ಕಳೆದಿರುತ್ತದೆ. ಇದ್ದ ಗುಂಪನ್ನು ಹಾಗೇ ಡಿರೈಡ್ ಮಾಡಲು ಬರುವುದಿಲ್ಲ. ಒಂದೊಂದೇ ಪೆಟ್ಟಿಗೆಗೆ ಹೊಸ ಫೈಲ್ ಹೋಗದಂತೆ ತಡೆದು, ಹಳೆಯದನ್ನು ಬೇರೆ ಪೆಟ್ಟಿಗೆಗಳಿಗೆ ಸಾಗಿಸಿ, ಖಾಲಿಯಾದ ಮೇಲೆ ಹೊಸದಾಗಿ ಕಟ್ಟಿದೆವು. ತಿಂಗಳುಗಟ್ಟಲೆ ಆಯಿತು. ಬಳಸುವವರ ಕೆಲಸ ಮಾತ್ರ ಒಂದು ದಿನವೂ ನಿಲ್ಲಲಿಲ್ಲ. ಇದಕ್ಕೆ ಲಸ್ಟರ್‌ಗೆ ಪೂರ್ತಿ ಅಂಕ.

ಸರ್ವರ್ ಜೋಡಿಯ ಪರೀಕ್ಷೆಯನ್ನು ಮೊದಲ ವಾರವೇ ಮಾಡಿ. ನಾವು ಒಂದು ಜಾಬ್ ಓಡುತ್ತಿರುವಾಗಲೇ ಒಂದು ಸರ್ವರಿನ ಎರಡೂ ಪವರ್ ಕೇಬಲ್ ಕಿತ್ತೆವು. ಬರೆಯುವ ವೇಗದ ಗೆರೆ ಸೊನ್ನೆಗೆ ಬಿತ್ತು. ಪಕ್ಕದ ಸರ್ವರ್ ಡಿಸ್ಕ್‌ಗಳನ್ನು ವಹಿಸಿಕೊಂಡಿತು. ನೋಡ್‌ಗಳು ಮತ್ತೆ ಸಂಪರ್ಕ ಹಿಡಿದು, ಉಳಿದಿದ್ದ ಬರಹ ಕಳಿಸಿದವು. ನಾಲ್ಕು ನಿಮಿಷದಲ್ಲಿ ಗೆರೆ ಮೇಲೆದ್ದಿತು. ಜಾಬ್ ಸಾಯಲಿಲ್ಲ. ಆ ಕ್ಷಣ ನಮ್ಮ ತಂಡದವರೆಲ್ಲ ಚಪ್ಪಾಳೆ ತಟ್ಟಿದ್ದು ಇನ್ನೂ ನೆನಪಿದೆ. ಒಂದು ಎಚ್ಚರಿಕೆ: ಕೆಟ್ಟ ಸರ್ವರಿನ ಪವರ್ ಪೂರ್ತಿ ಕಡಿಯುವ ವ್ಯವಸ್ಥೆ ಇಲ್ಲದೆ ಈ ಜೋಡಿ ಓಡಿಸಬೇಡಿ. ಎರಡು ಸರ್ವರ್ ಒಂದೇ ಹೊತ್ತಿಗೆ ಒಂದೇ ಪೂಲಿಗೆ (ಝಡ್‌ಎಫ್‌ಎಸ್ ಒಟ್ಟುಗೂಡಿಸಿದ ಡಿಸ್ಕ್‌ಗಳಿಗೆ) ಬರೆದರೆ ಡೇಟಾ ಹಾಳು.

ಸಣ್ಣ ಫೈಲ್‌ಗಳು ಲಸ್ಟರಿನ ನಿಜವಾದ ಕಷ್ಟ. ಒಂದೇ ಫೋಲ್ಡರಿನಲ್ಲಿ ಲಕ್ಷಗಟ್ಟಲೆ ಫೈಲ್ ಇದ್ದರೆ ಪಟ್ಟಿ ನೋಡುವುದಕ್ಕೂ ಕಾಯಬೇಕು. ಫೈಲ್‌ಗಳ ಹೆಸರು, ಜಾಗದ ಲೆಕ್ಕ ಇಡುವ ಮೆಟಾಡೇಟಾ ಸರ್ವರಿಗೆ ಮಿರರ್ ಮಾಡಿದ ಎನ್‌ವಿಎಂಇ (ವೇಗದ ಫ್ಲ್ಯಾಶ್ ಡಿಸ್ಕ್) ಹಾಕಿ, ಅಲ್ಲಿ ಕಂಜೂಸಿ ಬೇಡ. ಸ್ಟ್ರೈಪ್ ಲೆಕ್ಕ (ಒಂದು ಫೈಲ್ ಎಷ್ಟು ಗುಂಪಿಗೆ ಹಂಚಿಹೋಗಬೇಕು ಅನ್ನೋದು) ಡೀಫಾಲ್ಟ್ ಆಗಿ 1 ಇರುತ್ತದೆ, ಅದನ್ನೂ ಬದಲಿಸಿ. ನಮ್ಮಲ್ಲಿ ಒಬ್ಬ ವಿದ್ಯಾರ್ಥಿಯ 30 ಟಿಬಿ ಫೈಲ್ ಪೂರ್ತಿ ಒಂದೇ ಗುಂಪಿಗೆ ಹೋಗಿ ಅದು ತುಂಬಿತು. ಉಳಿದ ಗುಂಪುಗಳಲ್ಲಿ ಬೇಕಾದಷ್ಟು ಜಾಗ ಇದ್ದರೂ ಆ ತುಂಬಿದ ಗುಂಪಿಗೆ ಬರೆಯುತ್ತಿದ್ದವರಿಗೆ ‘ಜಾಗ ಇಲ್ಲ’ ಅಂತ ಬಂತು. ಈಗ ಫೈಲ್ ಬೆಳೆದ ಹಾಗೆ ಸ್ಟ್ರೈಪ್ ಹೆಚ್ಚುವಂತೆ ಇಟ್ಟಿದ್ದೇವೆ. 2.10ರಿಂದ ಈ ಅನುಕೂಲ ಇದೆ.

ಅಂಕದಲ್ಲಿ ಒಂದು ಕಳೆದಿದ್ದು ಅಪ್‌ಗ್ರೇಡ್ ಗೋಳಿಗೆ. ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು), ಝಡ್‌ಎಫ್‌ಎಸ್, ಲಸ್ಟರ್ ಮೂರೂ ಒಂದಕ್ಕೊಂದು ಹೊಂದಬೇಕು. ಪ್ರತಿ ಸಲ ಬೇರೆ ಎರಡು ಮಷಿನ್ ಮೇಲೆ ಹಾಕಿ ನೋಡಿದ ಮೇಲೇ ಮುಂದಿನ ಹೆಜ್ಜೆ.

ಲಸ್ಟರನ್ನು ಬ್ಯಾಕಪ್ ಅಂತ ಮಾತ್ರ ಎಣಿಸಬೇಡಿ. 2021ರ ಡಿಸೆಂಬರಿನಲ್ಲಿ ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ಸೂಪರ್‌ಕಂಪ್ಯೂಟರಿನ ಸ್ಟೋರೇಜಿನಿಂದ ಸುಮಾರು 77 ಟಿಬಿ ಅಳಿಸಿಹೋಯಿತು. ಡಿಸ್ಕ್ ಕೆಟ್ಟಿರಲಿಲ್ಲ, ಬ್ಯಾಕಪ್ ಸ್ಕ್ರಿಪ್ಟಿನ ದೋಷ. ಎಷ್ಟು ಪ್ಯಾರಿಟಿ ಇದ್ದರೂ ಅಂಥದ್ದನ್ನು ತಡೆಯಲಾರದು. ಆ ಸುದ್ದಿ ಓದಿದ ವಾರವೇ ನಾವು ಟೇಪ್ ಲೈಬ್ರರಿಗೆ ಹಣ ಕೇಳಿ ಪತ್ರ ಬರೆದೆವು. ಈಗ ಸಂಶೋಧಕರು ಗುರುತು ಮಾಡಿಕೊಟ್ಟ ಫೋಲ್ಡರ್‌ಗಳು ಪ್ರತಿ ರಾತ್ರಿ ಟೇಪಿಗೆ ಹೋಗುತ್ತವೆ. ತಿಂಗಳಿಗೊಮ್ಮೆ ಒಂದು ಫೋಲ್ಡರ್ ಆರಿಸಿ, ಟೇಪಿನಿಂದ ವಾಪಸ್ ತಂದು ತೆರೆದು ನೋಡುತ್ತೇವೆ.