ಸಿ ಕಲಿಯುವವರಿಗೆ ಕರ್ನಿಹಾನ್ ಮತ್ತು ರಿಚಿ ಪುಸ್ತಕ: ಕೊಳ್ಳುವ ಮುನ್ನ

ಸಿ ಭಾಷೆಗೆ ಯಾವ ಆಕರ ಪುಸ್ತಕ ಇಟ್ಟುಕೊಳ್ಳಬೇಕೆಂದು ಕೇಳಿದವರಿಗೆ ಹೆಚ್ಚಾಗಿ ಸಿಗುವ ಉತ್ತರ ಬ್ರಯಾನ್ ಕರ್ನಿಹಾನ್ ಮತ್ತು ಡೆನ್ನಿಸ್ ರಿಚಿ ಅವರ ‘ದ ಸಿ ಪ್ರೋಗ್ರಾಮಿಂಗ್ ಲ್ಯಾಂಗ್ವೇಜ್’. ಇದು 1978ರಲ್ಲಿ ಮೊದಲು ಪ್ರಕಟವಾಯಿತು. ಈಗ ಓದಬೇಕಾದದ್ದು 1988ರ ಎರಡನೆಯ ಆವೃತ್ತಿ. ಭಾಷೆಯನ್ನು ರೂಪಿಸಿದ ರಿಚಿಯವರೇ ಸಹಲೇಖಕರಾಗಿರುವುದರಿಂದ ಪುಸ್ತಕಕ್ಕೆ ಇರುವ ಮನ್ನಣೆ ಸಹಜವೇ. ಆದರೆ ವೇರಿಯಬಲ್, ಲೂಪ್, ಫಂಕ್ಷನ್‌ಗಳ ಪರಿಚಯ ಓದುಗರಿಗೆ ಮೊದಲೇ ಇದೆಯೆಂದು ಭಾವಿಸಿಕೊಂಡೇ ಲೇಖಕರು ಬರೆದಿದ್ದಾರೆ ಎಂಬುದನ್ನು ಶಿಫಾರಸು ಮಾಡುವವರು ಅಷ್ಟಾಗಿ ಹೇಳುವುದಿಲ್ಲ. ಪ್ರೋಗ್ರಾಮಿಂಗ್‌ಗೇ ಹೊಸಬರಾದವರು ಮೊದಲ ಅಧ್ಯಾಯದಲ್ಲೇ ತಡವರಿಸುತ್ತಾರೆ.

ಪುಸ್ತಕದ ನಿಜವಾದ ಬೆಲೆ ತಿಳಿಯುವುದು, ಮೆಮೊರಿಯ ವಿಳಾಸವನ್ನು ಹಿಡಿದಿಡುವ ವೇರಿಯಬಲ್‌ಗಳಾದ ಪಾಯಿಂಟರ್‌ಗಳನ್ನು ಕುರಿತ ಐದನೆಯ ಅಧ್ಯಾಯದಲ್ಲಿ. ಒಂದು ಸ್ಟ್ರಿಂಗನ್ನು (ಅಕ್ಷರಗಳ ಸಾಲನ್ನು) ನಕಲಿಸುವ ಫಂಕ್ಷನ್ನನ್ನು ಮೊದಲು ಅರೇ ಸೂಚ್ಯಂಕಗಳಿಂದ, ಆಮೇಲೆ ಪಾಯಿಂಟರ್‌ಗಳಿಂದ ಬರೆದು, ಹಂತಹಂತವಾಗಿ ಕಿರಿದುಗೊಳಿಸಿ, ಕಡೆಗೆ ಒಂದೇ ಸಾಲಿನ ವೈಲ್ ಲೂಪಿಗೆ ತಂದು ನಿಲ್ಲಿಸುವ ಬಗೆ ಗಮನಾರ್ಹವಾದುದು. ಅರೇಗೂ ಪಾಯಿಂಟರಿಗೂ ಇರುವ ನಂಟು ಅಲ್ಲಿ ವ್ಯಾಖ್ಯಾನದ ನೆರವಿಲ್ಲದೆಯೇ ಅರ್ಥವಾಗುತ್ತದೆ. ಅಭ್ಯಾಸಗಳಿಗೆ ಉತ್ತರ ಕೊಡದಿರುವುದನ್ನು ಕೆಲವರು ಕೊರತೆಯೆನ್ನುತ್ತಾರೆ, ನನಗೆ ಹಾಗನ್ನಿಸಿಲ್ಲ.

ಆಕರವಾಗಿ ಬಳಸುವವರಿಗೆ ಮುಖ್ಯವಾದವು ಪುಸ್ತಕದ ಕೊನೆಯಲ್ಲಿರುವ ಅನುಬಂಧಗಳು. ಮೊದಲನೆಯದು ಭಾಷೆಯ ನಿಯಮಗಳನ್ನು, ಎರಡನೆಯದು ಭಾಷೆಯೊಂದಿಗೆ ಬರುವ ಸಿದ್ಧ ಫಂಕ್ಷನ್‌ಗಳ ಸಂಗ್ರಹವಾದ ಸ್ಟ್ಯಾಂಡರ್ಡ್ ಲೈಬ್ರರಿಯನ್ನು ವಿವರಿಸುತ್ತದೆ. ಆಪರೇಟರ್‌ಗಳ ಆದ್ಯತೆಯ ಕೋಷ್ಟಕವಂತೂ ಎರಡನೆಯ ಅಧ್ಯಾಯದ ಕೊನೆಯಲ್ಲಿದ್ದು, ಆ ಪುಟವನ್ನು ಗುರುತು ಮಾಡಿಟ್ಟುಕೊಳ್ಳುವುದು ಒಳ್ಳೆಯದು. ಇಷ್ಟನ್ನೆಲ್ಲ 300ಕ್ಕೂ ಕಡಿಮೆ ಪುಟಗಳಲ್ಲಿ ಹಿಡಿದಿಟ್ಟಿರುವುದು ಸಣ್ಣ ಸಾಧನೆಯಲ್ಲ.

ತೊಡಕಿರುವುದು ಕಾಲದ ಅಂತರದಲ್ಲಿ. ಭಾಷೆಯ 1999ರ ಮಾನಕವಾದ ಸಿ99ರಲ್ಲಿ ಸೇರಿದ ಬೂಲಿಯನ್ (ನಿಜ ಅಥವಾ ಸುಳ್ಳು ಎಂಬ ಬೆಲೆಯ) ಬಗೆಯಾಗಲಿ, ಎರಡು ಓರೆಗೆರೆಗಳ ಕಾಮೆಂಟಾಗಲಿ ಇಲ್ಲಿಲ್ಲ. ಇನ್‌ಪುಟ್ ಎಷ್ಟು ಉದ್ದವಿದ್ದರೂ ತಡೆಯದ ‘ಗೆಟ್ಸ್’ ಫಂಕ್ಷನ್ನನ್ನು 2011ರ ಸಿ11 ಮಾನಕ ಕೈಬಿಟ್ಟಿತು, ಪುಸ್ತಕದ ಲೈಬ್ರರಿ ಪಟ್ಟಿಯಲ್ಲಿ ಅದು ಇನ್ನೂ ಉಳಿದಿದೆ. ಇದಕ್ಕಿಂತ ಹೆಚ್ಚು ಕಾಡುವುದು ಉದಾಹರಣೆಗಳೇ ಕಂಪೈಲ್ ಆಗದಿರುವುದು, ಅಂದರೆ ಯಂತ್ರಭಾಷೆಗೆ ಅನುವಾದವಾಗದಿರುವುದು. ಮೊದಲ ಅಧ್ಯಾಯದ ‘ಗೆಟ್‌ಲೈನ್’ ಎಂಬ ಹೆಸರು ಇಂದಿನ ಲಿನಕ್ಸ್ ಲೈಬ್ರರಿಯಲ್ಲಿರುವ ಅದೇ ಹೆಸರಿನ ಫಂಕ್ಷನ್ನಿಗೆ ಡಿಕ್ಕಿ ಹೊಡೆಯುತ್ತದೆ. ಹಿಂತಿರುಗಿಸುವ ಬಗೆಯನ್ನು ಹೇಳದೆ ಬರೆದ ‘ಮೇನ್’ (ಪ್ರೋಗ್ರಾಂ ಶುರುವಾಗುವ ಫಂಕ್ಷನ್) ಅನ್ನು ಜಿಸಿಸಿ ಎಂಬ ಕಂಪೈಲರಿನ 14ನೆಯ ಆವೃತ್ತಿ ದೋಷವೆಂದೇ ಪರಿಗಣಿಸುತ್ತದೆ. ಕಲಿಯುವವರು ತಪ್ಪು ತಮ್ಮದೇ ಎಂದುಕೊಂಡು ಹೊತ್ತು ಕಳೆಯುವುದು ಇಲ್ಲಿಯೇ. ಜಿಸಿಸಿಗೆ, ಹಳೆಯ ಮಾನಕವನ್ನು ಅನುಸರಿಸುವಂತೆ ಹೇಳುವ ‘ಆನ್ಸಿ’ (-ansi) ಆಯ್ಕೆಯನ್ನು ಕೊಟ್ಟು ಕಂಪೈಲ್ ಮಾಡಿದರೆ ಈ ಎರಡೂ ತೊಂದರೆಗಳು ನೀಗುತ್ತವೆ.

ಬೇರೊಂದು ಭಾಷೆಯಲ್ಲಿ ಸ್ವಲ್ಪವಾದರೂ ಕೈ ಪಳಗಿದವರು ಇದನ್ನು ಕೊಳ್ಳಬಹುದು. ಆದರೆ ಲೈಬ್ರರಿಯ ವಿಷಯಕ್ಕೆ ಇದೊಂದನ್ನೇ ನಂಬದೆ, ಯಾವ ಮಾನಕವನ್ನು ಅನುಸರಿಸಿದೆಯೆಂದು ಸ್ಪಷ್ಟವಾಗಿ ಹೇಳುವ, ಸಿ11 ಅಥವಾ ಅದರ ನಂತರದ ಇನ್ನೊಂದು ಆಕರವನ್ನೂ ಜೊತೆಗಿಟ್ಟುಕೊಳ್ಳಬೇಕು.